ಧೂಪದ ಮರ ಮತ್ತು ಕೈಕಸುಬು

(ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲೂಕುಗಳ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಸಂಜೆ ದೀಪ ಹಚ್ಚಿದ ಬಳಿಕ ಕೆಂಡದ ಮೇಲೆ ಚಿಟಿಕೆ ಧೂಪ ಹಾಕುವ ಪದ್ಧತಿ ಈ ಕರಾವಳಿಯಲ್ಲಿ ಅತ್ಯಂತ ಹಳೆಯದು. ಮಳೆಗಾಲದಲ್ಲಿ ಒಣಗದ ಬಟ್ಟೆಗೆ, ಎಳೆಗೂಸಿನ ತೊಟ್ಟಿಲಿಗೆ, ಕೊಟ್ಟಿಗೆಯ ದನಕರುಗಳಿಗೆ ಧೂಪದ ಹೊಗೆ ತೋರಿಸುವುದು ಹಳ್ಳಿಗಳ ರೂಢಿ. ಭಟ್ಕಳದ ಮನೆಗಳಲ್ಲಿ ಲೋಬಾನದ ಹೊಗೆ ಏಳುತ್ತದೆ. ಹೊನ್ನಾವರದ ಇಗರ್ಜಿಗಳಲ್ಲಿ ಧೂಪದ ಪಾತ್ರೆ ತೂಗುತ್ತದೆ. ದೇವಸ್ಥಾನಗಳಲ್ಲಂತೂ ಧೂಪಾರತಿಯಿಲ್ಲದೆ ಪೂಜೆ ಪೂರ್ಣವಾಗುವುದಿಲ್ಲ. ಇಷ್ಟು ಬಳಕೆಯಲ್ಲಿರುವ ಈ ವಸ್ತು ಎಲ್ಲಿಂದ ಬರುತ್ತದೆ, ಯಾವ ಮರ ಅದನ್ನು ಕೊಡುತ್ತದೆ, ಕೊಟ್ಟ ಮೇಲೆ ಆ ಮರದ ಗತಿ ಏನಾಗುತ್ತದೆ ಎಂಬುದನ್ನು ವಿಚಾರಿಸಿದವರು ಕಡಿಮೆ.

ಇತ್ತೀಚಿನ ವರ್ಷಗಳಲ್ಲಿ ನೈಸರ್ಗಿಕ ಧೂಪದ ರಾಳವನ್ನು ಸುಡುವುದಕ್ಕಷ್ಟೇ ಅಲ್ಲದೆ ಕರಕುಶಲದ ಸಾಮಗ್ರಿಯಾಗಿಯೂ ಬಳಸುವ ಆಸಕ್ತಿ ಬೆಳೆಯುತ್ತಿದೆ. ಮೇಣದೊಡನೆ ಕಾಯಿಸಿ ಬಣ್ಣಕ್ಕೆ ಸೇರಿಸುವುದು, ಮರದ ಸಾಮಾನುಗಳಿಗೆ ಮೆರುಗು ಕೊಡುವುದು, ಅಚ್ಚಿಗೆ ಹಾಕಿ ಧೂಪದ ಗುಳಿಗೆ ಮಾಡುವುದು, ಬುಟ್ಟಿ ಮತ್ತು ಮಡಕೆಗಳಿಗೆ ನೀರು ತಡೆಯುವ ಲೇಪ ಕೊಡುವುದು ಇವೆಲ್ಲ ಆ ಪ್ರಯತ್ನಗಳು. ಘಟ್ಟದಂಚಿನ ಕುಟುಂಬಗಳಿಗೆ ಇದರಿಂದ ಒಂದು ಸಣ್ಣ ಆದಾಯ ದೊರೆಯಬಹುದು. ಅದೇ ಆಸಕ್ತಿ ಎಚ್ಚರ ತಪ್ಪಿದರೆ ಕಾನಿನಲ್ಲಿ ಉಳಿದಿರುವ ಕೆಲವೇ ಧೂಪದ ಮರಗಳಿಗೆ ಕೊಡಲಿಯೂ ಆಗಬಹುದು. ಈ ಎರಡೂ ಸಾಧ್ಯತೆಗಳನ್ನು ಎದುರಿಗಿಟ್ಟುಕೊಂಡು ವಿಷಯವನ್ನು ವಿವೇಚಿಸುವುದು ಈ ಉಪನ್ಯಾಸದ ಉದ್ದೇಶ.

ರಾಳ ಎಂದರೇನು?

ಮರದಿಂದ ಒಸರುವ ಎಲ್ಲವೂ ರಾಳವಲ್ಲ. ಜಾಲಿಯ ತೊಗಟೆಯಿಂದ ಬರುವುದು ಗೋಂದು. ಅದು ನೀರಿನಲ್ಲಿ ಕರಗುತ್ತದೆ. ರಾಳವು ನೀರಿನಲ್ಲಿ ಕರಗುವುದಿಲ್ಲ. ಬಿಸಿ ಎಣ್ಣೆಯಲ್ಲಿ, ಟರ್ಪೆಂಟೈನಿನಲ್ಲಿ, ಬಹುಮಟ್ಟಿಗೆ ಮದ್ಯಸಾರದಲ್ಲಿ ಕರಗುತ್ತದೆ. ಕಾಯಿಸಿದರೆ ಮೆದುವಾಗಿ ಹರಿಯುತ್ತದೆ, ಆರಿದರೆ ಗಾಜಿನಂತೆ ಗಟ್ಟಿಯಾಗುತ್ತದೆ. ವಿದ್ಯಾರ್ಥಿಗಳು ಶಾಲೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಒಂದು ಲೋಟ ನೀರಿಗೆ ಒಂದು ಚೂರು ಗೋಂದು, ಮತ್ತೊಂದಕ್ಕೆ ಒಂದು ಚೂರು ಧೂಪ ಹಾಕಿ ಮರುದಿನ ನೋಡಿದರೆ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ. ಬಯಲುಸೀಮೆಯ ಒಣಕಾಡಿನಲ್ಲಿ ಬೆಳೆಯುವ ಬೋಸ್ವೆಲ್ಲಿಯಾ ಜಾತಿಯ ಮಡ್ಡಿಯಲ್ಲಿ ಗೋಂದು ಮತ್ತು ರಾಳ ಎರಡೂ ಬೆರೆತಿರುತ್ತವೆ.

ಮರವು ರಾಳವನ್ನು ತನ್ನ ರಕ್ಷಣೆಗಾಗಿ ತಯಾರಿಸಿಕೊಳ್ಳುತ್ತದೆ. ಕೊಂಬೆ ಮುರಿದಾಗ, ದುಂಬಿ ಕೊರೆದಾಗ, ತೊಗಟೆ ಸೀಳಿದಾಗ ಆ ಗಾಯದ ಬಾಯಿಗೆ ರಾಳ ಹರಿದು ಬಂದು ಮುಚ್ಚುತ್ತದೆ. ಕೀಟವನ್ನೂ ಶಿಲೀಂಧ್ರವನ್ನೂ ತಡೆಯುತ್ತದೆ. ಧೂಪ ತೆಗೆಯುವುದೆಂದರೆ ಮರಕ್ಕೆ ಗಾಯ ಮಾಡಿ, ಆ ಗಾಯಕ್ಕೆ ಅದು ಹಚ್ಚಿಕೊಂಡ ಮದ್ದನ್ನು ಕಿತ್ತುಕೊಳ್ಳುವುದು ಎಂದೇ ಅರ್ಥ. ಈ ಒಂದು ಮಾತು ನೆನಪಿನಲ್ಲಿದ್ದರೆ ಎಷ್ಟು ತೆಗೆಯಬಹುದು, ಯಾವಾಗ ನಿಲ್ಲಿಸಬೇಕು ಎಂಬ ಪ್ರಶ್ನೆಗಳಿಗೆ ಅರ್ಧ ಉತ್ತರ ಸಿಕ್ಕಂತೆಯೇ.

ರಾಳವನ್ನು ಕಸುಬಿಗೆ ಬಳಸಿದವರಲ್ಲಿ ಮನುಷ್ಯನು ಮೊದಲಿಗನೇನೂ ಅಲ್ಲ. ಗೋಡೆಯ ಬಿರುಕಿನಲ್ಲಿ, ಮರದ ಪೊಟರೆಯಲ್ಲಿ ಗೂಡು ಕಟ್ಟುವ ಮಿಸರಿ ಜೇನು ಮರಗಳಿಂದ ರಾಳವನ್ನು ತಂದು ತನ್ನ ಮೇಣದೊಡನೆ ಬೆರೆಸಿ ಗೂಡಿನ ಬಾಗಿಲನ್ನೂ ಜೇನಿನ ಕುಡಿಕೆಗಳನ್ನೂ ನಿರ್ಮಿಸುತ್ತದೆ. ಅದು ತರುವುದು ಮರದಿಂದ ತಾನಾಗಿ ಒಸರಿದ ರಾಳವನ್ನು ಮಾತ್ರ. ಗುಜರಾತಿನ ಸೂರತ್ ಬಳಿಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸುಮಾರು 5 ಕೋಟಿ ವರ್ಷ ಹಳೆಯದಾದ ಅಂಬರು, ಅಂದರೆ ಕಲ್ಲಾದ ರಾಳ, ದೊರೆತಿದೆ. ಅದರೊಳಗೆ ಸಿಲುಕಿದ ಕೀಟಗಳು ಇಂದಿಗೂ ಕಾಲು ರೆಕ್ಕೆಗಳ ಸಮೇತ ಕಾಣುತ್ತವೆ. 2010ರಲ್ಲಿ ಪ್ರಕಟವಾದ ಸಂಶೋಧನೆಯು ಅದು ಡಿಪ್ಟೆರೋಕಾರ್ಪೇಸಿ ಕುಟುಂಬದ ಮರಗಳ ರಾಳವೆಂದು ತೋರಿಸಿತು. ಈ ಜಿಲ್ಲೆಯ ಸಾಲುಧೂಪವೂ ಅದೇ ಕುಟುಂಬಕ್ಕೆ ಸೇರಿದ್ದು.

ಮೂರು ಮರಗಳು

ಕರಾವಳಿ ಮತ್ತು ಘಟ್ಟದ ಇಳಿಜಾರಿನಲ್ಲಿ ಧೂಪಕ್ಕೆ ಸಂಬಂಧಿಸಿದ ಮುಖ್ಯ ಮರಗಳು ಮೂರು.

ಮೊದಲನೆಯದು ಸಾಲುಧೂಪ ಅಥವಾ ಬಿಳಿಧೂಪ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ವಟೇರಿಯಾ ಇಂಡಿಕಾ. ಪಶ್ಚಿಮ ಘಟ್ಟಕ್ಕೆ ಮಾತ್ರ ಸೀಮಿತವಾದ ನಿತ್ಯಹಸುರಿನ ದೊಡ್ಡ ಮರ. ಹಿಂದಿನವರು ಇದನ್ನು ರಸ್ತೆಯ ಇಕ್ಕೆಲಗಳಲ್ಲಿ ನೆರಳಿಗಾಗಿಯೂ ನೆಡುತ್ತಿದ್ದರು. 1801ರಲ್ಲಿ ಕುಮಟಾ, ಹೊನ್ನಾವರ, ಭಟ್ಕಳದ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಈ ಮರವನ್ನು ‘ಕ್ಲೋರಾಕ್ಸಿಲಾನ್ ದೂಪದ’ ಎಂದು ಕರೆದನು. ಕನ್ನಡದ ‘ಧೂಪದ ಮರ’ ಎಂಬ ಮಾತೇ ಲ್ಯಾಟಿನ್ ಹೆಸರಿನೊಳಗೆ ಸೇರಿಕೊಂಡಿತು. ಇದರ ರಾಳ ತೆಳುವಾದ ಹಳದಿ ಬಣ್ಣದ್ದು, ಪಾರದರ್ಶಕ. ಬೀಜದಿಂದ ಬರುವ ಗಟ್ಟಿ ಕೊಬ್ಬನ್ನು ಹಿಂದೆ ಮೇಣದ ಬತ್ತಿಗೂ ಸಾಬೂನಿಗೂ ಬಳಸುತ್ತಿದ್ದರು. ಪ್ಲೈವುಡ್ಡಿಗಾಗಿ ಈ ಮರವನ್ನು ಕಡಿದ ಪ್ರಮಾಣ ಎಷ್ಟಿತ್ತೆಂದರೆ 1998ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿಸಿತು.

ಎರಡನೆಯದು ರಾಳಧೂಪ ಅಥವಾ ಕರಿಧೂಪ, ಕನೇರಿಯಂ ಸ್ಟ್ರಿಕ್ಟಂ. ಇದು ಬೇರೆಯೇ ಕುಟುಂಬದ ಮರ. ಕಡುಕಂದು ಅಥವಾ ಕಪ್ಪಾಗಿ ಹೊಳೆಯುವ ಇದರ ರಾಳ ಬಿಳಿಧೂಪಕ್ಕಿಂತ ಘಾಟಾದ ಪರಿಮಳವುಳ್ಳದ್ದು. ಇದರ ಹಣ್ಣುಗಳನ್ನು ಮಂಗಟ್ಟೆ ಹಕ್ಕಿಗಳು ನುಂಗಿ, ಗಟ್ಟಿ ಓಟೆಯನ್ನು ದೂರದ ಕಾಡಿನಲ್ಲಿ ಉದುರಿಸುತ್ತವೆ. ಮಂಗಟ್ಟೆ ಇಲ್ಲದ ಕಾಡಿನಲ್ಲಿ ರಾಳಧೂಪದ ಸಸಿಗಳು ತಾಯಿಮರದ ಬುಡ ಬಿಟ್ಟು ಹರಡುವುದು ಕಷ್ಟ.

ಮೂರನೆಯದು ಹಾಲುಮಡ್ಡಿ, ಐಲಾಂಥಸ್ ಟ್ರೈಫೈಸಾ. ತೊಗಟೆಯಿಂದ ಒಸರುವ ರಸ ಆರಂಭದಲ್ಲಿ ಹಾಲಿನಂತಿದ್ದು ನಂತರ ಮಡ್ಡಿಯಂತೆ ಗಟ್ಟಿಯಾಗುವುದರಿಂದ ಈ ಹೆಸರು ಎಷ್ಟೂ ಒಪ್ಪುತ್ತದೆ. ಇದರ ಅಂಟು ಪೂರ್ತಿ ಒಣಗದೆ ಮೆತ್ತಗೆ ಉಳಿಯುತ್ತದೆ ಮತ್ತು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಜೇನುತುಪ್ಪದೊಡನೆ ಇದನ್ನು ಕಲಸಿ ಮಾಡುವ ಮಸಾಲೆ ಊದಿನಕಡ್ಡಿಗಳು ಬೆಂಗಳೂರು, ಮೈಸೂರುಗಳಿಂದ ಹೊರದೇಶಗಳಿಗೆ ಹೋಗಿ ಹೆಸರು ಮಾಡಿದವು. ಅತಿಯಾಗಿ ಕೆತ್ತಿದ್ದರಿಂದ ಮರಗಳು ಹಾಳಾಗಿ, 1990ರ ದಶಕದಲ್ಲಿ ಇದರ ಸಂಗ್ರಹಕ್ಕೆ ಕಡಿವಾಣ ಬಿತ್ತು. ಅನೇಕ ತಯಾರಕರು ಹಾಲುಮಡ್ಡಿಯನ್ನು ಕೈಬಿಟ್ಟು ಇದ್ದಿಲಿನ ಕಡ್ಡಿಗೆ ಕೃತಕ ಸುಗಂಧ ಅದ್ದುವ ವಿಧಾನಕ್ಕೆ ತಿರುಗಿದರು. ಇದರ ಮೃದು ಮರಕ್ಕೆ ಬೆಂಕಿಕಡ್ಡಿ ಕಾರ್ಖಾನೆಗಳಿಂದಲೂ ಬೇಡಿಕೆಯಿದೆ.

ಈ ಮೂರರ ಜೊತೆ ರಾಳ ಕೊಡದ, ಆದರೆ ಊದಿನಕಡ್ಡಿಗಾಗಿ ಪ್ರಾಣ ಕೊಡುವ ನಾಲ್ಕನೆಯ ಮರವೊಂದಿದೆ, ಅದು ಗುಳಮಾವು. ಇದರ ತೊಗಟೆಯನ್ನು ಒಣಗಿಸಿ ಪುಡಿ ಮಾಡಿದರೆ ಲೋಳೆಯಾಗಿ ಅಂಟುವ ಜಿಗಟು ಪುಡಿ ದೊರೆಯುತ್ತದೆ. ಕಡ್ಡಿಗೆ ಹಿಟ್ಟು ಅಂಟಿ ನಿಲ್ಲುವುದು ಇದರಿಂದ. ಸುತ್ತಲೂ ತೊಗಟೆ ಸುಲಿದ ಗುಳಮಾವು ಒಂದೆರಡು ವರ್ಷಗಳಲ್ಲಿ ನಿಂತಲ್ಲೇ ಒಣಗುತ್ತದೆ. ಸುವಾಸನೆಯ ಕಡ್ಡಿಯೊಂದು ಉರಿಯುವಾಗ ಅದರ ಹಿಂದೆ ಘಟ್ಟದ ಯಾವುದೋ ಬೋಳು ಮರವೊಂದು ನಿಂತಿರಬಹುದೆಂಬುದನ್ನು ಕೊಳ್ಳುವವರು ಅರಿಯರು.

ಹಳೆಯ ಕಸುಬುಗಳಲ್ಲಿ ರಾಳ

ರಾಳವನ್ನು ಸಾಮಗ್ರಿಯಾಗಿ ಬಳಸುವುದು ಇಂದಿನ ಹೊಸ ಕಲ್ಪನೆಯೇನೂ ಅಲ್ಲ. ಪಶ್ಚಿಮ ಕರಾವಳಿಯ ಮರದ ದೋಣಿಗಳ ಹಲಗೆ ಸಂದುಗಳಿಗೆ ಎಣ್ಣೆಯಲ್ಲಿ ಕಾಯಿಸಿದ ಧೂಪದ ರಾಳವನ್ನು ಹತ್ತಿ ಅಥವಾ ನಾರಿನೊಡನೆ ತುಂಬಿ ನೀರು ನುಗ್ಗದಂತೆ ಮಾಡುತ್ತಿದ್ದರು. ಫೈಬರ್ ದೋಣಿಗಳು ಬಂದ ಮೇಲೆ ಆ ಜ್ಞಾನ ಹಿರಿಯ ಮೀನುಗಾರರ ನೆನಪಿನಲ್ಲಿ ಮಾತ್ರ ಉಳಿಯುತ್ತಿದೆ.

ದೇವಾಲಯಗಳಲ್ಲಿ ಮೂರ್ತಿಯನ್ನು ಪೀಠಕ್ಕೆ ಬಂಧಿಸುವ ಅಷ್ಟಬಂಧದಲ್ಲಿಯೂ ರಾಳ ಸೇರುತ್ತದೆ. ಅರಗು, ಗುಗ್ಗುಳ, ಸರ್ಜರಸವೆಂಬ ರಾಳ, ಜೇನುಮೇಣ, ಕಾವಿ, ಬೆಣ್ಣೆ ಮುಂತಾದವನ್ನು ಗಂಟೆಗಟ್ಟಲೆ ಕುಟ್ಟಿ ಹದ ಮಾಡಿದ ಆ ಪಾಕ ಕೆಲವು ದಿನಗಳಲ್ಲಿ ಕಲ್ಲಿನಂತಾಗುತ್ತದೆ. ವರ್ಷಗಟ್ಟಲೆ ಅಭಿಷೇಕದ ನೀರನ್ನು ತಡೆಯುತ್ತದೆ. ಕುಮಟಾ ತಾಲೂಕಿನ ಗೋಕರ್ಣದ ಮಹಾಬಲೇಶ್ವರನಿಗೆ ನಲವತ್ತು ವರ್ಷಗಳಿಗೊಮ್ಮೆ ಅಷ್ಟಬಂಧವಾಗುವ ಸಂಪ್ರದಾಯವಿದೆ. ಒಂದು ಅಂಟು ಎಷ್ಟು ಕಾಲ ಬಾಳಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಬೆಳ್ಳಿಯ ಕವಚ, ಪ್ರಭಾವಳಿಗಳ ಉಬ್ಬು ಕೆಲಸ ಮಾಡುವವರು ತಗಡಿನ ಹಿಂಬದಿಗೆ ರಾಳ, ಇಟ್ಟಿಗೆ ಪುಡಿ, ಎಣ್ಣೆ ಬೆರೆಸಿದ ಮಿಶ್ರಣವನ್ನು ತುಂಬಿ ಉಳಿಯ ಪೆಟ್ಟನ್ನು ಅದು ತಾಳಿಕೊಳ್ಳುವಂತೆ ಮಾಡುತ್ತಾರೆ. ಕೆಲಸ ಮುಗಿದ ಮೇಲೆ ಅದೇ ಮಿಶ್ರಣವನ್ನು ಕಾಯಿಸಿ ಮತ್ತೊಂದು ತಗಡಿಗೆ ಬಳಸುತ್ತಾರೆ.

ಹೊರದೇಶಗಳಲ್ಲಿಯೂ ಇಂಥ ಬಳಕೆ ವ್ಯಾಪಕ. ‘ದಾಮರ್’ ಎಂಬುದು ಮಲಯ ಭಾಷೆಯ ಪದ. ರಾಳ, ಪಂಜು ಎರಡೂ ಅರ್ಥ ಅದಕ್ಕಿದೆ. ಜಾವಾದ ಬಾಟಿಕ್ ಕಲಾವಿದರು ಬಟ್ಟೆಗೆ ಹಚ್ಚುವ ಮೇಣದಲ್ಲಿ ‘ಬೆಕ್ಕಿನ ಕಣ್ಣು’ ಎಂದು ಕರೆಯಲ್ಪಡುವ ಸ್ವಚ್ಛ ದಾಮರನ್ನು ಬೆರೆಸುತ್ತಾರೆ. ಐರೋಪ್ಯ ಚಿತ್ರಕಾರರು ಹತ್ತೊಂಬತ್ತನೆಯ ಶತಮಾನದಿಂದ ತೈಲಚಿತ್ರಗಳಿಗೆ ದಾಮರ್ ಮೆರುಗು ಕೊಡುತ್ತ ಬಂದಿದ್ದಾರೆ.

ಈ ಎಲ್ಲ ಕಸುಬುಗಳಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಳಸುವ ರಾಳ ಕಡಿಮೆ, ತೊಡಗಿಸುವ ಶ್ರಮ ಮತ್ತು ತಿಳಿವಳಿಕೆ ಹೆಚ್ಚು, ಬಾಳಿಕೆ ದೀರ್ಘ. ಕಾಡಿನ ದೃಷ್ಟಿಯಿಂದ ಇದೇ ಸರಿಯಾದ ಲೆಕ್ಕಾಚಾರ. ಮೂಟೆಗಟ್ಟಲೆ ರಾಳವನ್ನು ಕಚ್ಚಾ ರೂಪದಲ್ಲಿ ವ್ಯಾಪಾರಿಗೆ ತೂಗಿ ಕೊಡುವಾಗ ಈ ಲೆಕ್ಕ ತಲೆಕೆಳಗಾಗುತ್ತದೆ: ಹೆಚ್ಚು ಮರ ಕೆತ್ತಿದವನಿಗೆ ಹೆಚ್ಚು ಹಣ, ಹದವಾಗಿ ಕೆತ್ತಿದವನಿಗೆ ನಷ್ಟ.

ಎಚ್ಚರಿಕೆಯ ಪಾಠಗಳು

ಕರಿಧೂಪ ತೆಗೆಯುವ ಹಳೆಯ ವಿಧಾನವೊಂದರಲ್ಲಿ ಬುಡದ ತೊಗಟೆಯನ್ನು ಸೀಳಿ, ಸುತ್ತಲೂ ಪುಳ್ಳೆ ಕಟ್ಟಿಗೆ ಒಟ್ಟಿ ಬೆಂಕಿ ಹಚ್ಚುತ್ತಿದ್ದರು. ಶಾಖಕ್ಕೆ ಬೆದರಿದ ಮರ ಹೆಚ್ಚು ರಾಳ ಸುರಿಸುತ್ತದೆ. ಕಾಲಕ್ರಮದಲ್ಲಿ ಬುಡ ಟೊಳ್ಳಾಗಿ ಗಾಳಿಮಳೆಗೆ ಉರುಳುತ್ತದೆ. ಬುಡದಲ್ಲಿ ಕಪ್ಪು ಗುಹೆಯಂತೆ ಸುಟ್ಟು ಹೋದ ಧೂಪದ ಮರಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಈ ಜಿಲ್ಲೆಗೆ ಉಪ್ಪಾಗೆಯ ಅನುಭವ ಇನ್ನೂ ಮರೆತಿಲ್ಲ. 1990ರ ದಶಕದಲ್ಲಿ ದೇಹದ ತೂಕ ಇಳಿಸುವ ಔಷಧಕ್ಕೆಂದು ವಿದೇಶಗಳಲ್ಲಿ ಬೇಡಿಕೆ ಬಂದಾಗ ಉಪ್ಪಾಗೆಯ ಬೆಲೆ ಏಕಾಏಕಿ ಏರಿತು. ಬೇರೆಯವರು ಕೊಯ್ಯುವ ಮೊದಲು ತಾನು ಕೊಯ್ಯಬೇಕೆಂಬ ಆತುರದಲ್ಲಿ ಕಾಯಿ ಬಲಿಯುವ ಮುನ್ನವೇ ಕೊಯ್ಲಾಯಿತು. ಕೊಂಬೆಗಳನ್ನೇ ಕಡಿದು ಕೆಳಗಿಳಿಸಿದರು. ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಕಾಡಿನ ಕಟ್ಟಿಗೆಯೇ ಉರಿಯಿತು. ಬೆಲೆ ಇಳಿದ ಮೇಲೆ ಹಣ ನಿಲ್ಲಲಿಲ್ಲ, ಮುರಿದ ಕೊಂಬೆ ಮಾತ್ರ ಉಳಿಯಿತು. ಅದೇ ಅವಧಿಯಲ್ಲಿ ಸಿಪ್ಪೆಯನ್ನು ಕಡಿಮೆ ಕಟ್ಟಿಗೆಯಲ್ಲಿ ಒಣಗಿಸುವ ಒಲೆಗಳು ಹುಟ್ಟಿಕೊಂಡದ್ದು, ಕೆಲವರು ತಮ್ಮ ಬೆಟ್ಟದಲ್ಲಿ ಉಪ್ಪಾಗೆಯ ಸಸಿ ನೆಟ್ಟದ್ದು ಈ ಕಥೆಯ ಒಳ್ಳೆಯ ಭಾಗ.

ಆಫ್ರಿಕಾದಲ್ಲಿ ಬೋಸ್ವೆಲ್ಲಿಯಾ ಪ್ಯಾಪಿರಿಫೆರಾ ಎಂಬ ಮರದಿಂದ ಜಗತ್ತಿನ ಹೆಚ್ಚಿನ ಇಗರ್ಜಿಗಳ ಧೂಪ ಬರುತ್ತದೆ. ಹೊಸ ಸಸಿಗಳು ಬದುಕದೆ, ಹಳೆಯ ಮರಗಳು ಸಾಯುತ್ತಿರುವುದರಿಂದ ಇಪ್ಪತ್ತು ವರ್ಷಗಳಲ್ಲಿ ಆ ಧೂಪದ ಉತ್ಪಾದನೆ ಅರ್ಧಕ್ಕೆ ಇಳಿಯುವುದೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಎಚ್ಚರಿಸಿದೆ. ದನಗಳ ಮೇವು, ಕಾಳ್ಗಿಚ್ಚು, ಮಿತಿಮೀರಿದ ಕೆತ್ತನೆ ಈ ಮೂರೂ ಸೇರಿ ಎಳೆಯ ಮರಗಳೇ ಇಲ್ಲದ ಕಾಡು ಅಲ್ಲಿ ಉಳಿದಿದೆ. ದೊಡ್ಡ ಮರಗಳು ನಿಂತಿರುವುದನ್ನು ನೋಡಿ ಕಾಡು ಚೆನ್ನಾಗಿದೆಯೆಂದು ಭ್ರಮಿಸಬಾರದೆಂಬುದು ಇದರ ಪಾಠ. ಮರದ ಬುಡದಲ್ಲಿ ಸಸಿಗಳಿವೆಯೇ ಎಂದು ನೋಡಬೇಕು.

ಸಣ್ಣ ಪ್ರಯೋಗಗಳು

ಮಿತಿಯನ್ನು ಒಪ್ಪಿಕೊಂಡ ಮೇಲೆ ಏನು ಮಾಡಬಹುದು? ಮನೆ, ಶಾಲೆ, ಸ್ವಸಹಾಯ ಸಂಘಗಳ ಮಟ್ಟದಲ್ಲಿ ಸಾಧ್ಯವಾಗುವ ಕೆಲವು ಪ್ರಯೋಗಗಳನ್ನು ಇಲ್ಲಿ ಸೂಚಿಸಲಾಗಿದೆ.

ಮೊದಲ ಕೆಲಸ ರಾಳವನ್ನು ಶುಚಿಗೊಳಿಸಿ ವಿಂಗಡಿಸುವುದು. ತೊಗಟೆ, ಮಣ್ಣು, ಇರುವೆ ಸೇರಿದ ಧೂಪವನ್ನು ಕೈಯಿಂದ ಆರಿಸಿ, ಸ್ವಚ್ಛ ಚೂರುಗಳನ್ನು ಮೆರುಗಿಗೂ ಮೇಣದ ಕೆಲಸಕ್ಕೂ, ಮಧ್ಯಮದ್ದನ್ನು ಗುಳಿಗೆಗೂ, ಕಸ ಬೆರೆತದ್ದನ್ನು ಕೊಟ್ಟಿಗೆಯ ಹೊಗೆಗೂ ಇಡಬೇಕು. ಇದೊಂದು ಕ್ರಮದಿಂದಲೇ ಅದೇ ಧೂಪಕ್ಕೆ ಹೆಚ್ಚಿನ ಬೆಲೆ ದೊರೆಯುತ್ತದೆ. ಇದಕ್ಕೆ ಒಂದು ಚೂರೂ ಹೆಚ್ಚುವರಿ ರಾಳ ಬೇಕಿಲ್ಲ.

ಎರಡನೆಯದು ಧೂಪದ ಗುಳಿಗೆ ಅಥವಾ ಗೋಪುರ. ತಾನಾಗಿ ಉರಿಯುವ ಗೋಪುರದಲ್ಲಿ ರಾಳದ ಪಾಲು ಹೆಚ್ಚಾದರೆ ಅದು ಕರಗಿ ಬೆಂಕಿಯನ್ನೇ ನಂದಿಸುತ್ತದೆ. ಆದ್ದರಿಂದ ತೂಕದಲ್ಲಿ ಐದನೆಯ ಒಂದು ಪಾಲು ರಾಳದಿಂದ ಆರಂಭಿಸಿ, ಉಳಿದದ್ದಕ್ಕೆ ತೆಂಗಿನ ಕರಟದ ಇದ್ದಿಲು, ಸೆಗಣಿಪುಡಿ, ಒಣಗಿದ ಲಾವಂಚದ ಬೇರು ಮುಂತಾದವನ್ನು ಬಳಸಿ ನೋಡಬೇಕು. ಹೀಗೆ ಲೆಕ್ಕ ಹಾಕಿದರೆ ಒಂದು ಕಿಲೋ ರಾಳದಿಂದ ತಲಾ 5 ಗ್ರಾಂ ತೂಕದ ಸುಮಾರು 1,000 ಗೋಪುರಗಳಾಗುತ್ತವೆ. ಕೆಂಡದ ಮೇಲೆ ಹಾಕುವ ಗುಳಿಗೆಗೆ ಈ ಕಟ್ಟುಪಾಡಿಲ್ಲ. ಅಂಟಿಗೆ ಗುಳಮಾವಿನ ಜಿಗಟು ಬೇಡವೇ ಬೇಡ. ಹುಣಸೆ ಬೀಜದ ಪುಡಿಯನ್ನು ಕುದಿಸಿದ ಸರಿ, ಅಕ್ಕಿಗಂಜಿ, ದಾಸವಾಳದ ಸೊಪ್ಪಿನ ಲೋಳೆ ಇವುಗಳನ್ನು ಪರೀಕ್ಷಿಸಬೇಕು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಕಲಾವಿದರು ತಲೆಮಾರುಗಳಿಂದ ಹುಣಸೆ ಬೀಜದ ಅಂಟನ್ನು ನೆಚ್ಚಿ ಗೊಂಬೆ ಮಾಡಿದವರು. ಗಂಜಿಯ ಅಂಟಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಗುಳಿಗೆಯ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿ, ಗಾಳಿಯಾಡದ ಡಬ್ಬಿಯಲ್ಲಿಡುವುದು ಲೇಸು.

ಮೂರನೆಯದು ಮೇಣ ಮತ್ತು ರಾಳದ ಪಾಕ. ರಾಳ ಒಂದೇ ಆದರೆ ಆರಿದ ಮೇಲೆ ಬಿರುಕು ಬಿಡುತ್ತದೆ. ಮೇಣ ಒಂದೇ ಆದರೆ ಉಗುರು ತಾಗಿದರೂ ಗೀರು ಬೀಳುತ್ತದೆ. ಎರಡೂ ಸೇರಿದಾಗ ಗಟ್ಟಿತನವೂ ಬಾಗುವ ಗುಣವೂ ಬರುತ್ತವೆ. ಮಿಸರಿ ಜೇನು ಮಾಡುವುದೂ ಇದನ್ನೇ. ನಾಲ್ಕು ಪಾಲು ಜೇನುಮೇಣಕ್ಕೆ ಒಂದು ಪಾಲು ಬಿಳಿಧೂಪದಿಂದ ಆರಂಭಿಸಿ, ಸಮಪಾಲಿನವರೆಗೆ ಬೇರೆ ಬೇರೆ ಅಳತೆಗಳಲ್ಲಿ ಬಿಲ್ಲೆ ಮಾಡಿ, ಪ್ರತಿಯೊಂದರ ಮೇಲೂ ಅಳತೆ ಬರೆದಿಡಬೇಕು. ಬಿಸಿಲಿನಲ್ಲಿ ಮೆತ್ತಗಾಗುತ್ತದೆಯೇ, ಬೀಳಿಸಿದರೆ ಒಡೆಯುತ್ತದೆಯೇ, ನೀರಿನಲ್ಲಿಟ್ಟರೆ ಬೆಳ್ಳಗಾಗುತ್ತದೆಯೇ ಎಂದು ಪರೀಕ್ಷಿಸಿ ದಾಖಲಿಸುವುದು ವಿದ್ಯಾರ್ಥಿಗಳಿಗೆ ಉತ್ತಮ ವಿಜ್ಞಾನ ಪಾಠವೂ ಹೌದು. ಹದ ಸಿಕ್ಕಿದ ಪಾಕವನ್ನು ಜೇನಿನ ಬಾಟಲಿಯ ಮುಚ್ಚಳದ ಮುದ್ರೆಗೆ, ಬಿದಿರಿನ ಬುಟ್ಟಿಯ ಲೇಪಕ್ಕೆ, ಬಾಟಿಕ್ ಬಟ್ಟೆಗೆ ಬಳಸಬಹುದು.

ನಾಲ್ಕನೆಯದು ಮೆರುಗು. ಸ್ವಚ್ಛ ಬಿಳಿಧೂಪವನ್ನು ಪುಡಿ ಮಾಡಿ, ತೆಳುಬಟ್ಟೆಯಲ್ಲಿ ಕಟ್ಟಿ, ಟರ್ಪೆಂಟೈನಿನಲ್ಲಿ ಒಂದೆರಡು ದಿನ ಬೆಂಕಿಯಿಂದ ದೂರ ಇಳಿಬಿಟ್ಟರೆ ಕಸ ಬಟ್ಟೆಯಲ್ಲಿ ಉಳಿದು ರಾಳ ಕರಗುತ್ತದೆ. ಹೊನ್ನಾವರ, ಕುಮಟಾ ಭಾಗದ ಗುಡಿಗಾರರು ಶ್ರೀಗಂಧದ ಕೆತ್ತನೆಗೂ ಬೆಂಡಿನ ಬಾಸಿಂಗಕ್ಕೂ ಹೆಸರಾದವರು. ಯಕ್ಷಗಾನದ ಮರದ ಆಭರಣಗಳಿಗೆ ಬೇಗಡೆ ಅಂಟಿಸಿ ಕನ್ನಡಿ ಚೂರು ಕೂರಿಸುವ ಕಲೆಯೂ ಈ ನೆಲದ್ದು. ಇಂಥ ಕಸುಬುದಾರರ ಜೊತೆ ಕುಳಿತು ಪ್ರಯೋಗ ಮಾಡಿದರೆ ಮಾತ್ರ ಮೆರುಗು ಎಷ್ಟು ದಿನ ನಿಲ್ಲುತ್ತದೆ, ಯಾವಾಗ ಹಳದಿಯಾಗುತ್ತದೆ ಎಂಬ ತಿಳಿವು ಬರುತ್ತದೆ.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಬೇಕು. ರಾಳ, ಮೇಣ, ಟರ್ಪೆಂಟೈನ್ ಮೂರೂ ಬೇಗ ಹೊತ್ತಿಕೊಳ್ಳುವ ವಸ್ತುಗಳು. ಪಾತ್ರೆಯನ್ನು ನೇರ ಉರಿಯ ಮೇಲಿಡದೆ, ಬಿಸಿ ಮರಳು ತುಂಬಿದ ಬಾಣಲೆಯೊಳಗೆ ಇರಿಸಿ ನಿಧಾನವಾಗಿ ಕಾಯಿಸಬೇಕು. ಹೊರಾಂಗಣದಲ್ಲಿ, ದೊಡ್ಡವರ ಎದುರಿನಲ್ಲಿಯೇ ಮಾಡಬೇಕು. ಹೊತ್ತಿಕೊಂಡರೆ ನೀರು ಸುರಿಯದೆ ಮುಚ್ಚಳ ಮುಚ್ಚಬೇಕು. ಟರ್ಪೆಂಟೈನನ್ನಂತೂ ಕಾಯಿಸಲೇಬಾರದು. ಎರಡನೆಯದಾಗಿ, ನೈಸರ್ಗಿಕ ಧೂಪವಾದರೂ ಹೊಗೆ ಹೊಗೆಯೇ. ಅದರ ಸೂಕ್ಷ್ಮ ಕಣಗಳು ಶ್ವಾಸಕೋಶ ಸೇರುತ್ತವೆ. ಮುಚ್ಚಿದ ಕೋಣೆಯಲ್ಲಿ, ದಮ್ಮಿನ ತೊಂದರೆಯುಳ್ಳವರ ಮತ್ತು ಕೂಸುಗಳ ಬಳಿ ಬಹಳ ಹೊತ್ತು ಧೂಪ ಹಾಕುವುದು ಹಿತವಲ್ಲ. ಮಾರುವವರು ಇದನ್ನು ಮರೆಮಾಚಬಾರದು.

ನೆಟ್ಟು ಬಳಸುವ ದಾರಿ

ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿ ಕ್ರುಯಿ ಎಂಬ ಸೀಮೆಯಿದೆ. ಅಲ್ಲಿಯ ಕಾಡಿನ ದಾಮರ್ ಮರಗಳು ಅತಿಯಾದ ಸಂಗ್ರಹದಿಂದ ಕ್ಷೀಣಿಸಿದಾಗ, ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಹಳ್ಳಿಗರೇ ಶೋರಿಯಾ ಜಾವಾನಿಕಾ ಎಂಬ ದಾಮರ್ ಮರವನ್ನು ತಮ್ಮ ಜಮೀನಿನಲ್ಲಿ ನೆಡತೊಡಗಿದರು. ಮೊದಲು ಭತ್ತ, ನಂತರ ಕಾಫಿ, ಕಾಳುಮೆಣಸು. ಅವುಗಳ ನೆರಳಿನಲ್ಲಿ ದಾಮರ್ ಸಸಿ. ನಡುವೆ ಹಣ್ಣಿನ ಮರಗಳು. ನೆಟ್ಟ ಸುಮಾರು ಇಪ್ಪತ್ತು ವರ್ಷಗಳ ಬಳಿಕ ಕೆತ್ತನೆ ಆರಂಭ. ಅಜ್ಜ ನೆಟ್ಟಿದ್ದನ್ನು ಮೊಮ್ಮಗ ಕೆತ್ತುವ ವ್ಯವಸ್ಥೆ. ನೋಡಲು ಕಾಡಿನಂತಿರುವ ಆ ತೋಟಗಳನ್ನು ‘ರೆಪೋಂಗ್ ದಾಮರ್’ ಎನ್ನುತ್ತಾರೆ. ಅವು ಸರಕಾರಿ ಅರಣ್ಯವೋ ರೈತರ ತೋಟವೋ ಎಂಬ ವಿವಾದವೆದ್ದು, 1998ರಲ್ಲಿ ಅಲ್ಲಿಯ ಅರಣ್ಯ ಸಚಿವಾಲಯವು ಸುಮಾರು 29,000 ಹೆಕ್ಟೇರ್ ಪ್ರದೇಶದಲ್ಲಿ ಹಳ್ಳಿಗರ ಹಕ್ಕನ್ನು ಮಾನ್ಯ ಮಾಡಿತು.

ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೆ ಸೊಪ್ಪಿನ ಬೆಟ್ಟವಿದೆ, ಅನೇಕರಿಗೆ ಬೇಣ, ಹಕ್ಕಲುಗಳಿವೆ, ಊರುಗಳಿಗೆ ದೇವರಕಾಡುಗಳಿವೆ. ಹೊನ್ನಾವರದ ಕರಿಕಾನಮ್ಮನ ಬೆಟ್ಟದಲ್ಲಿ ಧೂಪದ ಕುಟುಂಬಕ್ಕೇ ಸೇರಿದ ಡಿಪ್ಟೆರೋಕಾರ್ಪಸ್ ಇಂಡಿಕಸ್ ಮರಗಳು ಉಳಿದುಕೊಂಡಿರುವುದು ಆ ದೇವಿಯ ಕಾರಣದಿಂದ. ಕುಮಟಾದ ಸಸ್ಯಶಾಸ್ತ್ರಜ್ಞ ಎಂ.ಡಿ. ಸುಭಾಷ್ ಚಂದ್ರನ್ ಹಾಗೂ ಮಾಧವ ಗಾಡ್ಗೀಳರ ಅಧ್ಯಯನಗಳು ಇಂಥ ಕಾನುಗಳ ಮಹತ್ವವನ್ನು ನಾಡಿಗೆ ತಿಳಿಸಿಕೊಟ್ಟವು. ದೇವರಕಾಡಿನ ಮರಗಳನ್ನು ಕೆತ್ತಕೂಡದು. ಅಲ್ಲಿ ಬಿದ್ದ ಬೀಜವನ್ನು ತಂದು ಬೆಟ್ಟದಲ್ಲಿ, ಬೇಣದಲ್ಲಿ ಬೆಳೆಸುವುದು ಯೋಗ್ಯ.

ಸಾಲುಧೂಪದ ಬೀಜ ಮಳೆಗಾಲದ ಆರಂಭದಲ್ಲಿ ಉದುರುತ್ತದೆ. ಅದನ್ನು ಒಣಗಿಸಿ ಡಬ್ಬಿಯಲ್ಲಿಟ್ಟರೆ ಸಾಯುತ್ತದೆ. ಹೆಕ್ಕಿದ ಕೆಲವೇ ದಿನಗಳಲ್ಲಿ ತೇವದ ಮಣ್ಣಿಗೆ ಸೇರಬೇಕು. ಎಳೆಯ ಸಸಿಗೆ ನೆರಳು ಬೇಕಾದ್ದರಿಂದ ಬೋಳು ಗುಡ್ಡದಲ್ಲಿ ನೆಡದೆ ಬೆಟ್ಟದ ಮರಗಳ ನಡುವೆ ನೆಡಬೇಕು. ರಾಳಧೂಪದ ಓಟೆ ಗಟ್ಟಿಯಾದ್ದರಿಂದ ಮೊಳಕೆಗೆ ತಿಂಗಳುಗಟ್ಟಲೆ ಕಾಯಬೇಕು. ಹಾಲುಮಡ್ಡಿ ಇವೆರಡಕ್ಕಿಂತ ಬೇಗ ಬೆಳೆಯುತ್ತದೆ, ಹೆಚ್ಚು ಬಿಸಿಲನ್ನು ಸಹಿಸುತ್ತದೆ. ಬೇಣದ ಅಂಚಿಗೆ, ಬೇಲಿಯ ಸಾಲಿಗೆ ಒಗ್ಗುತ್ತದೆ. ಸಸಿ ಬೆಳೆಸುವ ವಿಧಾನಗಳಿಗೆ ಶಿರಸಿಯ ಅರಣ್ಯ ಮಹಾವಿದ್ಯಾಲಯದ ನೆರವನ್ನು ಕೇಳಬಹುದು.

ಈಗಾಗಲೇ ಸ್ವಂತ ಜಮೀನಿನಲ್ಲಿ ದೊಡ್ಡ ಮರವಿರುವವರು ಕೆಲವು ನಿಯಮಗಳನ್ನು ಪಾಲಿಸಬೇಕು. ಬೆಂಕಿ ಸರ್ವಥಾ ಬೇಡ. ಗೀರು ತೊಗಟೆಯಲ್ಲಿಯೇ ನಿಲ್ಲಬೇಕು, ಒಳಮರಕ್ಕೆ ತಾಗಬಾರದು. ಅಂಗೈಗಿಂತ ಅಗಲ ಕೆತ್ತಬಾರದು. ಮರದ ಸುತ್ತಳತೆಯ ಬಹುಭಾಗ ಗಾಯವಿಲ್ಲದೆ ಉಳಿಯಬೇಕು. ಒಂದು ಬೇಸಿಗೆ ಕೆತ್ತಿದ ಮರಕ್ಕೆ ಮುಂದಿನ ಕೆಲವು ಬೇಸಿಗೆ ಬಿಡುವು ಕೊಡಬೇಕು. ಸಣ್ಣ ಮರವನ್ನು ಮುಟ್ಟಬಾರದು. ತಾನಾಗಿ ಒಸರಿ ಗಟ್ಟಿಯಾದದ್ದನ್ನು, ಬಿದ್ದ ಕೊಂಬೆಯಲ್ಲಿರುವುದನ್ನು ಮೊದಲು ಆರಿಸಬೇಕು. ಗೋಪುರದ ಲೆಕ್ಕ ನೆನೆದರೆ ಅಷ್ಟೇ ಸಾಕಾಗುವುದೂ ಉಂಟು.

ಹಕ್ಕಿನ ವಿಷಯವನ್ನೂ ಮರೆಯಬಾರದು. ಕಾಯ್ದಿಟ್ಟ ಅರಣ್ಯದಿಂದ ಅನುಮತಿಯಿಲ್ಲದೆ ರಾಳ ತರುವುದು ಅಪರಾಧ. ಆದರೆ 2006ರ ಅರಣ್ಯ ಹಕ್ಕು ಕಾಯಿದೆಯು ಸಾಂಪ್ರದಾಯಿಕವಾಗಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುತ್ತ ಬಂದ ವನವಾಸಿಗಳಿಗೆ ಅದರ ಮೇಲೆ ಒಡೆತನದ ಹಕ್ಕನ್ನು ನೀಡುತ್ತದೆ. ಹಕ್ಕು ಪಡೆಯಲು ಗ್ರಾಮಸಭೆಯ ಮೂಲಕ ಅರ್ಜಿ ಸಲ್ಲಿಸಬೇಕು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಧೂಪದ ಮರಗಳೂ ಅವುಗಳ ಬಳಕೆಯ ಜ್ಞಾನವೂ ಅದರ ದಾಖಲೆಯಲ್ಲಿ ಸೇರಬೇಕು. ಶ್ರೀಗಂಧದ ಉದಾಹರಣೆ ಎಲ್ಲರಿಗೂ ಗೊತ್ತಿರುವುದೇ. ಸ್ವಂತ ಹಿತ್ತಲಲ್ಲಿ ಹುಟ್ಟಿದ ಗಂಧದ ಮರವೂ ಸರಕಾರದ್ದಾಗಿದ್ದಷ್ಟು ಕಾಲ ಯಾರೂ ಅದನ್ನು ಬೆಳೆಸಲಿಲ್ಲ. 2001ರ ತಿದ್ದುಪಡಿಯಿಂದ ಜಮೀನಿನ ಒಡೆಯನೇ ಮರದ ಒಡೆಯನಾದ ಮೇಲೆ ಗಂಧದ ಸಸಿ ತೋಟಗಳಿಗೆ ಬಂದಿತು. ಕಡಿದು ಸಾಗಿಸುವ ತೊಡಕು ಇನ್ನೂ ಇದೆಯಾದರೂ, ನೆಟ್ಟವನಿಗೆ ಫಲವುಂಟೆಂಬ ಭರವಸೆ ಇದ್ದಲ್ಲಿ ಮಾತ್ರ ಮರ ಬೆಳೆಯುತ್ತದೆ ಎಂಬುದು ಇದರಿಂದ ಸ್ಪಷ್ಟ.

ಮಾನ್ಯರೇ, ಮುಂದಿನ ಮಳೆಗಾಲಕ್ಕೆ ಮಾಡಬಹುದಾದ ಕೆಲಸಗಳು ಹೆಚ್ಚೇನಿಲ್ಲ. ಪ್ರತಿ ಊರಿನ ವಿದ್ಯಾರ್ಥಿಗಳು ತಮ್ಮ ಸುತ್ತಿನ ಸಾಲುಧೂಪ, ರಾಳಧೂಪ, ಹಾಲುಮಡ್ಡಿ, ಗುಳಮಾವು ಮರಗಳನ್ನು ಎಣಿಸಿ, ಬುಡದಲ್ಲಿ ಸುಟ್ಟ ಅಥವಾ ಸುಲಿದ ಗುರುತಿದೆಯೇ, ಸಸಿಗಳಿವೆಯೇ ಎಂದು ಬರೆದಿಡಲಿ. ಮೊದಲ ಮಳೆಗೆ ಉದುರಿದ ಧೂಪದ ಬೀಜದಲ್ಲಿ ಒಂದು ಪಾಲನ್ನು ಕಾಡಿಗೇ ಬಿಟ್ಟು, ಒಂದು ಪಾಲನ್ನು ತಂದು ಮನೆಯ ಹಿಂದಿನ ತೊಟ್ಟೆಗಳಲ್ಲಿ ಬಿತ್ತಲಿ. ಸ್ವಸಹಾಯ ಸಂಘಗಳು ಇದ್ದಷ್ಟು ಧೂಪವನ್ನು ವಿಂಗಡಿಸಿ, ಜಿಗಟು ಇಲ್ಲದ ಗುಳಿಗೆಯ ಹದವನ್ನು ಬರುವ ಬೇಸಿಗೆಯೊಳಗೆ ಕಂಡುಕೊಳ್ಳಲಿ. ದೋಣಿಗೆ ರಾಳ ತುಂಬಿದ, ಅಷ್ಟಬಂಧ ಕುಟ್ಟಿದ, ಕವಚ ಬಡಿದ ಹಿರಿಯರು ಪ್ರತಿ ಊರಿನಲ್ಲಿಯೂ ಒಬ್ಬಿಬ್ಬರು ಇನ್ನೂ ಇದ್ದಾರೆ; ಅವರ ಬಳಿ ಕುಳಿತು ಅಳತೆ, ಹದ, ಹೆಸರುಗಳನ್ನು ಬರೆದುಕೊಳ್ಳುವ ಕೆಲಸ ಇವೆಲ್ಲಕ್ಕಿಂತ ಮೊದಲು ನಡೆಯಲಿ.

ಇಂದು ಬಿತ್ತಿದ ಧೂಪದ ಬೀಜದಿಂದ ರಾಳ ದೊರೆಯುವುದು ಇಂದಿನ ವಿದ್ಯಾರ್ಥಿಗಳು ನಡುವಯಸ್ಸಿಗೆ ಬಂದಾಗ. ಅಲ್ಲಿಯವರೆಗೆ ಕಾನಿನಲ್ಲಿ ನಿಂತಿರುವ ಹಳೆಯ ಮರಗಳಿಂದ ಎಷ್ಟು ಕಡಿಮೆ ಪಡೆದು ಎಷ್ಟು ಹೆಚ್ಚು ಮಾಡಬಹುದೆಂಬುದೇ ಈ ಕೈಕಸುಬಿನ ಪರೀಕ್ಷೆ.